ತಾಯಿ ದಾರಿಯಲ್ಲಿ, ಕಾರ್ಡು ಊರಿನಲ್ಲಿ

ಕಲಬುರಗಿಯಿಂದ ಆಳಂದಕ್ಕೆ ಹೋಗುವ ರಸ್ತೆಯಲ್ಲಿ ಕಡಗಂಚಿ ಎಂಬ ಊರಿದೆ. ಎರೆಯ ಹೊಲಗಳು, ತೊಗರಿ, ಜೋಳ, ಅಲ್ಲೊಂದು ಇಲ್ಲೊಂದು ಬೇವಿನ ಮರ. ಈ ವರ್ಣನೆ ಆ ಸೀಮೆಯ ಯಾವ ಊರಿಗಾದರೂ ಸಲ್ಲುವಂಥದೇ. ಆದರೂ ಎರಡು ಕಾರಣಗಳಿಂದ ಕಡಗಂಚಿಯ ಹೆಸರು ದೂರದವರ ಕಿವಿಗೂ ಬಿದ್ದಿದೆ. ದತ್ತಭಕ್ತರು ಪಾರಾಯಣ ಮಾಡುವ ‘ಗುರುಚರಿತ್ರೆ’ಯನ್ನು ಮರಾಠಿಯಲ್ಲಿ ರಚಿಸಿದ ಸರಸ್ವತೀ ಗಂಗಾಧರರ ಮನೆತನ ಈ ಊರಿನದು. ಕನ್ನಡ ಸೀಮೆಯವರೊಬ್ಬರು ನೆರೆಯ ಭಾಷೆಯಲ್ಲಿ ಗ್ರಂಥ ಬರೆದು ಎರಡು ನಾಡುಗಳಿಗೂ ಬೇಕಾದವರಾದರು. ಇನ್ನೊಂದು ಕಾರಣ ನಮ್ಮ ಕಾಲದ್ದು. ೨೦೦೯ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಹುಟ್ಟಿದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣವಿರುವುದು ಇಲ್ಲಿಯೇ.

ಭೀಮಾ ಮತ್ತು ಅಮರಜಾ ನದಿಗಳು ಕೂಡುವ ಗಾಣಗಾಪುರ ಪಕ್ಕದ ಅಫಜಲಪುರ ತಾಲ್ಲೂಕಿನಲ್ಲಿದೆ. ಆಳಂದದಲ್ಲಿ ಲಾಡ್ಲೆ ಮಶಾಕರ ದರ್ಗಾ ಇದೆ. ವೈದ್ಯರು ಕೈಬಿಟ್ಟ ಬೇನೆಗಳನ್ನೂ, ಬೇನೆಯೆಂದು ಹೆಸರಿಡಲಾಗದ ಸಂಕಟಗಳನ್ನೂ ಹೊತ್ತು ಜನ ಈ ಎರಡೂ ಕಡೆಗೆ ಬರುತ್ತಾರೆ. ಹೀಗೆ ಆರೋಗ್ಯವನ್ನು ಬೇಡಿ ಬರುವವರ ಸೀಮೆ ಇದು. ಅದೇ ರಸ್ತೆಗಳಲ್ಲಿ, ಎದುರು ದಿಕ್ಕಿನಲ್ಲಿ, ಕೂಲಿಯನ್ನು ಅರಸಿ ಹೋಗುವವರೂ ಉಂಟು. ಅವರ ಆರೋಗ್ಯದ ಮಾತನ್ನೇ ಇಲ್ಲಿ ಆಡಬೇಕಾಗಿದೆ.

ಗುಳೆ

ಆ ಭಾಗದಲ್ಲಿ ಅದಕ್ಕೆ ಗುಳೆ ಎನ್ನುತ್ತಾರೆ. ಮೊದಲು ಬರಗಾಲದಲ್ಲಿ ಊರಿಗೆ ಊರೇ ಎದ್ದು ಹೋಗುವುದಕ್ಕೆ ಇದ್ದ ಶಬ್ದ; ಈಗ ಮಳೆ ಬಂದ ವರ್ಷವೂ ಬಳಕೆಯಲ್ಲಿದೆ. ದೀಪಾವಳಿಯ ಆಚೀಚೆಗೆ ಕಬ್ಬು ಕಡಿಯುವವರು ಮುಕಾದಮನ ಮುಂಗಡ ಹಣಕ್ಕೆ ಕಟ್ಟುಬಿದ್ದು ಹೊರಡುತ್ತಾರೆ. ತೊಗರಿಯ ರಾಶಿ ಮುಗಿದ ಮೇಲೆ ಉಳಿದವರು ಮುಂಬಯಿ, ಪುಣೆ, ಹೈದರಾಬಾದು, ಗೋವೆ, ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಮಿರಗದ ಮಳೆಗೆ ಬಿತ್ತನೆ ಶುರುವಾಗುವಷ್ಟರಲ್ಲಿ ಕೆಲವರು ಹಿಂದಿರುಗುತ್ತಾರೆ, ಕೆಲವರು ಇಲ್ಲ. ಹೋಗುವವರಲ್ಲಿ ತಾಂಡಾಗಳ ಲಂಬಾಣಿ ಜನರು, ದಲಿತರು, ನೀರಾವರಿಯಿಲ್ಲದ ಒಂದೆರಡು ಎಕರೆಯ ಒಕ್ಕಲಿಗರು ಹೆಚ್ಚು. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ೨೦೦೨ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ ೩೯ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಹೆಸರಿಸಿತ್ತಷ್ಟೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದುವು. ಕಲಬುರಗಿಯ ತೊಗರಿಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಬೇಳೆಗೆ ಕೀರ್ತಿ ಬಂದಿದೆ. ಬೆಳೆದವನು ಬೇಸಗೆಯಲ್ಲಿ ಪುಣೆಯಲ್ಲಿ ಇಟ್ಟಿಗೆ ಹೊರುತ್ತಿರುತ್ತಾನೆ.

ಇಂಥ ಒಂದು ತಾಂಡಾದಿಂದ ಹೊರಟ ಹೆಣ್ಣುಮಗಳೊಬ್ಬಳನ್ನು ಓದುಗರು ಊಹಿಸಿಕೊಳ್ಳಬೇಕು. ಅವಳಿಗೆ ನಾಲ್ಕು ತಿಂಗಳು. ಊರಿನ ಆಶಾ ಕಾರ್ಯಕರ್ತೆ ಅವಳ ಹೆಸರನ್ನು ಬರೆದುಕೊಂಡಿದ್ದಾಳೆ; ಉಪಕೇಂದ್ರದ ದಾದಿ ತೂಕ ನೋಡಿ, ರಕ್ತ ಪರೀಕ್ಷಿಸಿ, ಚುಚ್ಚುಮದ್ದು ಕೊಟ್ಟು, ಕಬ್ಬಿಣಾಂಶದ ಮಾತ್ರೆಗಳನ್ನು ಕೈಗಿತ್ತು, ಇವೆಲ್ಲವನ್ನೂ ‘ತಾಯಿ ಕಾರ್ಡಿ’ನಲ್ಲಿ ಗುರುತು ಮಾಡಿದ್ದಾಳೆ. ಮುಂದಿನ ತಪಾಸಣೆಯ ದಿನಕ್ಕೆ ಅವಳು ಊರಿನಲ್ಲಿಲ್ಲ. ಗಂಡನೊಡನೆ ನಾಲ್ಕುನೂರು ಕಿಲೋಮೀಟರು ಆಚೆ, ಏಳುತ್ತಿರುವ ಕಟ್ಟಡವೊಂದರ ಬುಡದಲ್ಲಿ ತಗಡಿನ ಶೆಡ್ಡಿನಲ್ಲಿದ್ದಾಳೆ. ಕಾರ್ಡು ಅತ್ತೆಯ ಟ್ರಂಕಿನಲ್ಲಿ ಭದ್ರವಾಗಿದೆ. ಕಳೆದುಹೋದೀತೆಂಬ ಭಯದಿಂದ ಇಟ್ಟುಹೋದದ್ದು! ಊರಿನ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ಊರಲ್ಲಿ ಇಲ್ಲ’ ಎಂದು ಬರೆಯುತ್ತಾರೆ. ಪುಣೆಯ ಪುಸ್ತಕದಲ್ಲಿ ಅವಳ ಹೆಸರೇ ಇಲ್ಲ. ಎರಡು ಪುಸ್ತಕಗಳ ನಡುವೆ ಐದನೆಯ ತಿಂಗಳು, ಆರನೆಯ ತಿಂಗಳು, ಏಳನೆಯ ತಿಂಗಳು ಕಳೆದುಹೋಗುತ್ತವೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು ನಡೆದದ್ದು ೨೦೧೯ರಿಂದ ೨೦೨೧ರವರೆಗೆ. ಕರ್ನಾಟಕದಲ್ಲಿ ೧೫ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ಶೇಕಡ ೪೭.೮ ಮಂದಿಗೆ ರಕ್ತಹೀನತೆ ಇದೆಯೆಂದು ಅದು ಕಂಡುಕೊಂಡಿತು. ಮನೆಯಲ್ಲೇ ಇರುವವರ ಸ್ಥಿತಿ ಇದಾದರೆ, ಮೂರು ಕಲ್ಲುಗಳ ಒಲೆಯ ಮೇಲೆ ಒಂದೇ ಹೊತ್ತು ಬೇಯಿಸಿ ಎರಡು ಹೊತ್ತು ಉಣ್ಣುವ ಬಸುರಿಯ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆರಿಗೆಯಲ್ಲಿ ರಕ್ತ ಹೋದಾಗ ತಡೆದುಕೊಳ್ಳುವ ಶಕ್ತಿ ರಕ್ತಹೀನಳಿಗೆ ಬಹಳ ಕಡಮೆ. ಆ ಮೂರು ತಿಂಗಳ ಮಾತ್ರೆಗಳ ಬೆಲೆ ತಿಳಿಯುವುದು ಆಗ.

ಸಮನಾಗಿ ಬಡಿಸುವುದು, ಸರಿಯಾಗಿ ಬಡಿಸುವುದು

ಈಚೆಗೆ ಆರೋಗ್ಯ ಶಾಸ್ತ್ರಜ್ಞರು ‘ಆರೋಗ್ಯದಲ್ಲಿ ಸಮನ್ಯಾಯ’ ಎಂಬ ಮಾತನ್ನು ಹೆಚ್ಚಾಗಿ ಬಳಸುತ್ತಿದ್ದಾರೆ. ಕೇಳಲು ದೊಡ್ಡ ಮಾತು. ಆದರೆ ಅಡುಗೆಮನೆಯ ಹೆಣ್ಣುಮಕ್ಕಳಿಗೆ ಇದು ಹೊಸತಲ್ಲ. ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಒಂದೊಂದು ಸೌಟು ಬಡಿಸುವುದು ಸಮಾನತೆ. ಒಳಗಿರುವ ಬಾಣಂತಿಗೆ ಇನ್ನೊಂದು ಚಮಚ ತುಪ್ಪ ಹಾಕಿ, ಹಲ್ಲಿಲ್ಲದ ಅಜ್ಜನಿಗೆ ಅನ್ನವನ್ನು ಕಿವುಚಿ ಕೊಟ್ಟು, ಹೊಲದಿಂದ ತಡವಾಗಿ ಬರುವವನಿಗಾಗಿ ಪಾಲನ್ನು ಮುಚ್ಚಿಡುವುದು ಸಮನ್ಯಾಯ. ನಮ್ಮ ಸರಕಾರಿ ಆಸ್ಪತ್ರೆಯ ಬಾಗಿಲು ಎಲ್ಲರಿಗೂ ತೆರೆದಿದೆ, ನಿಜ. ಆದರೆ ಅದು ಬೆಳಗ್ಗೆ ತೆರೆದು ಸಂಜೆಯೊಳಗೆ ಮುಚ್ಚುವ ಬಾಗಿಲು. ಒಂದು ದಿನ ಕೆಲಸ ತಪ್ಪಿದರೆ ಒಂದು ದಿನದ ಕೂಲಿ ಇಲ್ಲ. ತಡವಾಗಿ ಬರುವವಳ ಪಾಲನ್ನು ಮುಚ್ಚಿಡುವವರು ಯಾರು?

ಈ ಪ್ರಶ್ನೆಯನ್ನು ಮೊದಲು ಕೇಳಿದವರಲ್ಲಿ ದಾದಿಯರು ಮುಖ್ಯರು. ೧೮೯೩ರಲ್ಲಿ ನ್ಯೂಯಾರ್ಕಿನ ಪೂರ್ವ ಭಾಗದ ಕೇರಿಗಳಲ್ಲಿ, ಯೂರೋಪಿನಿಂದ ಬಂದು ನೆಲೆಸಿದ್ದ ಬಡ ಹೆಂಗಸರಿಗೆ ಲಿಲಿಯನ್ ವಾಲ್ಡ್ ಎಂಬ ತರುಣ ದಾದಿ ಗೃಹಶುಶ್ರೂಷೆಯ ಪಾಠ ಹೇಳುತ್ತಿದ್ದಳು. ಅಲ್ಲಿಗೆ ಹುಡುಗಿಯೊಬ್ಬಳು ಅಳುತ್ತ ಬಂದು, ರಕ್ತಸ್ರಾವದಿಂದ ಮಲಗಿದ್ದ ತನ್ನ ತಾಯಿಯ ಬಳಿಗೆ ಅವಳನ್ನು ಕರೆದೊಯ್ದಳು. ಆ ಕೋಣೆಯನ್ನು ಕಂಡ ಮೇಲೆ ವಾಲ್ಡ್ ಆ ಕೇರಿಯಲ್ಲೇ ಮನೆ ಮಾಡಿದಳು. ಹೆನ್ರಿ ಬೀದಿಯ ಆ ಮನೆಯಿಂದ ಹೊರಟ ದಾದಿಯರು ಮಹಡಿಯಿಂದ ಮಹಡಿಗೆ ಹತ್ತಿ ರೋಗಿಗಳನ್ನು ನೋಡಿದರು. ೧೯೦೨ರಲ್ಲಿ ಅವರಲ್ಲೊಬ್ಬಳಾದ ಲೀನಾ ರಾಜರ್ಸ್ ನಗರದ ಶಾಲೆಗಳಿಗೆ ಹೋದಳು. ಅದುವರೆಗೆ ಕಣ್ಣುಬೇನೆ, ಹುಳುಕಡ್ಡಿ, ಹೇನುಗಳಿದ್ದ ಮಕ್ಕಳನ್ನು ವೈದ್ಯ ಪರೀಕ್ಷಕರು ಮನೆಗೆ ಕಳುಹಿಸಿಬಿಡುತ್ತಿದ್ದರು. ಮನೆಯಲ್ಲಿ ಮದ್ದು ಮಾಡುವವರಿಲ್ಲದೆ ಮಕ್ಕಳು ಶಾಲೆಗೆ ಮರಳುತ್ತಿರಲಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಹೀಗೆ ಹೊರಹಾಕಿದ ಪ್ರಕರಣಗಳು ಹತ್ತು ಸಾವಿರವನ್ನು ಮೀರಿದ್ದುವು. ದಾದಿ ಬಂದು, ಶಾಲೆಯಲ್ಲೇ ಮದ್ದು ಹಚ್ಚಿ, ಮನೆಗೆ ಹೋಗಿ ತಾಯಂದಿರಿಗೆ ತೋರಿಸಿಕೊಟ್ಟ ಮೇಲೆ, ಮರುವರ್ಷದ ಸೆಪ್ಟೆಂಬರಿನಲ್ಲಿ ಅವು ಸುಮಾರು ೧,೧೦೦ಕ್ಕೆ ಇಳಿದುವು. ಮಕ್ಕಳೂ ಅವರೇ, ಬೇನೆಗಳೂ ಅವೇ.

ಅಲೆಕ್ಸಾಂಡ್ರಿಯಾದಿಂದ ಬಂದ ಪ್ರಾಧ್ಯಾಪಿಕೆ

ವಾಲ್ಡ್ ಕೈಯಿಂದ ಮಾಡಿ ತೋರಿಸಿದ್ದನ್ನು ಶಾಸ್ತ್ರವಾಗಿ ಬೆಳೆಸಿದವರು ಮುಂದೆ ಬಂದ ಶುಶ್ರೂಷಾ ಪ್ರಾಧ್ಯಾಪಿಕೆಯರು. ಅವರಲ್ಲಿ ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರವಾದವರು ಅಫಾಫ್ ಮೆಲೈಸ್. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿದವರು. ತಾಯಿಯೂ ದಾದಿಯೇ, ಆ ದೇಶದಲ್ಲಿ ಶುಶ್ರೂಷೆಯ ಉನ್ನತ ಶಿಕ್ಷಣಕ್ಕೆ ದಾರಿ ಮಾಡಿದವರಲ್ಲಿ ಒಬ್ಬರು. ಮಗಳು ೧೯೬೧ರಲ್ಲಿ ಪದವಿ ಪಡೆದು, ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹೋದರು. ಲಾಸ್ ಏಂಜಲೀಸಿನಲ್ಲಿ ಓದಿ ೧೯೬೮ರಲ್ಲಿ ಡಾಕ್ಟರೇಟ್ ಪಡೆದರು; ಬಹುಕಾಲ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಪಾಠ ಹೇಳಿದರು; ೨೦೦೨ರಿಂದ ೨೦೧೪ರವರೆಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಶುಶ್ರೂಷಾ ವಿಭಾಗದ ಡೀನ್ ಆಗಿದ್ದರು. ವಲಸೆ ಎಂದರೇನೆಂಬುದನ್ನು ಪುಸ್ತಕದಿಂದ ತಿಳಿಯುವ ಅಗತ್ಯ ಅವರಿಗಿರಲಿಲ್ಲ.

೧೯೮೦ರ ದಶಕದಲ್ಲಿ ಮೆಲೈಸ್ ಮತ್ತು ಅವರ ಸಹೋದ್ಯೋಗಿಗಳು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಮಧ್ಯಪ್ರಾಚ್ಯದಿಂದ ವಲಸೆ ಬಂದವರ ಆರೋಗ್ಯವನ್ನು ಅಧ್ಯಯನ ಮಾಡುವ ಯೋಜನೆಯೊಂದನ್ನು ನಡೆಸಿದರು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಸಿಹಾ’ ಎಂದಾಗುತ್ತಿತ್ತು. ಅರಬ್ಬಿಯಲ್ಲಿ ಆರೋಗ್ಯಕ್ಕೆ ಇರುವ ಶಬ್ದವೂ ಅದೇ. ಈ ರೋಗಿಗಳ ಮೇಲೆ ಅಲ್ಲಿನ ಆಸ್ಪತ್ರೆಗಳಲ್ಲಿ ಒಂದು ದೂರು ಸಾಮಾನ್ಯವಾಗಿತ್ತು: ಇವರ ಕಾಟ ಬಹಳ, ಒಬ್ಬರಿಗೆ ಹುಷಾರಿಲ್ಲದಿದ್ದರೆ ಮನೆಮಂದಿಯೆಲ್ಲ ಬಂದು ಸುತ್ತುವರಿಯುತ್ತಾರೆ, ಗಳಿಗೆಗೊಮ್ಮೆ ದಾದಿಯನ್ನು ಕರೆಯುತ್ತಾರೆ, ಹೇಳಿದ್ದನ್ನೇ ಕೇಳುತ್ತಾರೆ. (ಊಟದ ಡಬ್ಬಿ ಹಿಡಿದು ವಾರ್ಡಿಗೆ ದಂಡೆತ್ತಿ ಹೋಗುವ ನಮ್ಮವರಿಗೆ ಇದನ್ನು ಕೇಳಿ ಆಶ್ಚರ್ಯವಾಗಲಾರದು.) ಆ ಜನರ ಸಂಪ್ರದಾಯದಲ್ಲಿ ರೋಗಿಯನ್ನು ಒಂಟಿಯಾಗಿ ಬಿಡುವುದು ನಿರ್ದಯೆ, ಬಳಿಯಲ್ಲಿರುವುದೇ ಉಪಚಾರ, ವಲಸೆಯಲ್ಲಿ ಬಂಧುಬಳಗ ಹರಿದುಹೋದಾಗ ಉಳಿದಿರುವ ನಾಲ್ಕು ಜನರೇ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಇದನ್ನು ತಿಳಿದ ದಾದಿಗೆ ಅದೇ ಕುಟುಂಬ ಕಾಟವಾಗದೆ ನೆರವಾಗಬಹುದೆಂದು ಈ ಅಧ್ಯಯನಗಳು ತೋರಿಸಿಕೊಟ್ಟುವು.

ಮೆಲೈಸರ ಹೆಸರು ಇಂದು ಜಗತ್ತಿನ ಶುಶ್ರೂಷಾ ಶಾಲೆಗಳಲ್ಲಿ ಪಾಠವಾಗಿರುವುದು ‘ಸ್ಥಿತ್ಯಂತರ ಸಿದ್ಧಾಂತ’ಕ್ಕಾಗಿ. ಅದರ ಸಾರ ಇಷ್ಟೆ. ಮನುಷ್ಯನ ಬಾಳು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವಾಗ, ಅಂದರೆ ಬಸಿರು, ಬಾಣಂತನ, ಮುಪ್ಪು, ಆಸ್ಪತ್ರೆಯಿಂದ ಮನೆಗೆ ಮರಳುವುದು, ಊರು ಬಿಡುವುದು ಮೊದಲಾದ ಸಂದರ್ಭಗಳಲ್ಲಿ, ಅವನ ಮೈಯೂ ಮನಸ್ಸೂ ಅತ್ಯಂತ ಹೆಚ್ಚು ಅಪಾಯಕ್ಕೆ ಒಡ್ಡಿಕೊಂಡಿರುತ್ತವೆ. ದಡ ಮುಟ್ಟಿದ ಮೇಲೆ ನೋಡಿಕೊಳ್ಳಲು ಒಬ್ಬರಿರುತ್ತಾರೆ, ಬಿಟ್ಟ ದಡದಲ್ಲೂ ಒಬ್ಬರಿದ್ದರು; ನಡುನೀರಿನಲ್ಲಿ ಯಾರೂ ಇಲ್ಲ. ಆ ದಾಟುವಿಕೆಯನ್ನೇ ದಾದಿ ತನ್ನ ಕೆಲಸದ ಕ್ಷೇತ್ರವೆಂದು ತಿಳಿಯಬೇಕು. ಎರಡು ಮೂರು ದಾಟುವಿಕೆಗಳು ಒಟ್ಟಿಗೆ ಬಂದರೆ ಕಷ್ಟ ಬೆಳೆಯುತ್ತದೆ. ಅಮೆರಿಕಕ್ಕೆ ಬಂದ ಕೊರಿಯದ ಬಡ ಹೆಂಗಸರನ್ನು ಕುರಿತು ಮೆಲೈಸ್ ಮತ್ತು ಯೂನ್-ಓಕ್ ಇಮ್ ೧೯೯೦ರ ದಶಕದ ಕೊನೆಗೆ ನಡೆಸಿದ ಅಧ್ಯಯನ ಇದಕ್ಕೆ ಉದಾಹರಣೆ. ಮುಟ್ಟು ನಿಲ್ಲುವ ವಯಸ್ಸಿನ ಆ ಹೆಂಗಸರು ತಮ್ಮ ಮೈಯ ತೊಂದರೆಗಳನ್ನು ಹೇಳಿಕೊಳ್ಳುತ್ತಲೇ ಇರಲಿಲ್ಲ. ಹೊಸ ದೇಶ, ಹೊಸ ಕೂಲಿಕೆಲಸ, ಮನೆಯ ಭಾರ, ಇವುಗಳ ನಡುವೆ ತಮ್ಮ ಮೈಯ ಸರದಿ ಕೊನೆಯದಾಗಿತ್ತು. ವೈದ್ಯರು ಕೇಳಲಿಲ್ಲ, ಇವರು ಹೇಳಲಿಲ್ಲ.

ಕೊಯ್ತಾದ ಲೆಕ್ಕ

ಕೊರಿಯದ ಆ ಹೆಂಗಸರ ಮೌನ ನಮಗೆ ಪರಕೀಯವೇನಲ್ಲ. ಕಬ್ಬು ಕಡಿಯುವ ಕೆಲಸದಲ್ಲಿ ಗಂಡಹೆಂಡಿರನ್ನು ಕೂಡಿಸಿ ಒಂದು ‘ಕೊಯ್ತಾ’ ಎಂದು ಎಣಿಸುತ್ತಾರೆ. ಕೊಯ್ತಾ ಎಂದರೆ ಮರಾಠಿಯಲ್ಲಿ ಕುಡಗೋಲು. ಇಬ್ಬರಿಗೂ ಸೇರಿ ಒಂದೇ ಮುಂಗಡ. ಅವಳು ಒಂದು ದಿನ ಮಲಗಿದರೆ ದಂಡ. ತಿಂಗಳ ಮೂರು ದಿನಗಳು ಸಹ ಸಾಲದ ಲೆಕ್ಕಕ್ಕೆ ಸೇರುವ ಈ ವ್ಯವಸ್ಥೆಯಲ್ಲಿ, ಹೊಟ್ಟೆನೋವೆಂದು ಖಾಸಗಿ ಆಸ್ಪತ್ರೆಗೆ ಹೋದವಳಿಗೆ ಗರ್ಭಕೋಶವನ್ನೇ ತೆಗೆಸಿಕೊಂಡುಬಿಡು ಎಂದು ಹೇಳುವವರೂ, ಅದನ್ನು ಪರಿಹಾರವೆಂದು ನಂಬುವವರೂ ಸಿಕ್ಕರು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರ ಪೈಕಿ ೧೩ ಸಾವಿರಕ್ಕೂ ಹೆಚ್ಚು ಮಂದಿಗೆ ಹೀಗೆ ಶಸ್ತ್ರಚಿಕಿತ್ಸೆಯಾಗಿದ್ದುದು ೨೦೧೯ರಲ್ಲಿ ಆ ರಾಜ್ಯದ ಸಮಿತಿಯೊಂದರ ವಿಚಾರಣೆಯಿಂದ ಹೊರಬಿತ್ತು. ಅದಕ್ಕೂ ಮೊದಲೇ, ೨೦೧೭ರಲ್ಲಿ, ನಮ್ಮ ಕಲಬುರಗಿಯಲ್ಲೇ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳು ಇದೇ ದೂರನ್ನು ಹೊತ್ತು ಬೀದಿಗಿಳಿದಿದ್ದರು. ಚಿಕ್ಕ ವಯಸ್ಸಿಗೇ ಗರ್ಭಕೋಶವನ್ನೂ, ಅನೇಕರಲ್ಲಿ ಅಂಡಾಶಯವನ್ನೂ ತೆಗೆದ ಮೇಲೆ ಮೂಳೆ ಸವೆಯುತ್ತದೆ, ಮೈ ಉರಿಯುತ್ತದೆ, ನಡು ನಿಲ್ಲದು. ಕೂಲಿಗಾಗಿ ತೆಗೆಸಿಕೊಂಡದ್ದು ಕೂಲಿ ಮಾಡುವ ಶಕ್ತಿಯನ್ನೇ ಒಯ್ದಿತು. ನಂಬಿಕೆಯ ಒಬ್ಬ ದಾದಿ ಪಕ್ಕದಲ್ಲಿ ಕುಳಿತು, ಬಿಳಿಮುಟ್ಟಿಗೆ ಮಾತ್ರೆ ಸಾಕು, ಕತ್ತರಿ ಬೇಡ ಎಂದು ಹೇಳಿದ್ದರೆ, ಅವರಲ್ಲಿ ಅನೇಕರು ಆ ಮೇಜಿನ ಮೇಲೆ ಮಲಗುತ್ತಿರಲಿಲ್ಲ ಎಂದೇ ನಮ್ಮ ಭಾವನೆ.

ಕ್ಷಯದ ಮಾತು ಇನ್ನೊಂದು ಬಗೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಬಿಡದೆ ಔಷಧ ನುಂಗಬೇಕು. ಎರಡು ತಿಂಗಳಿಗೆ ಕೆಮ್ಮು ನಿಲ್ಲುತ್ತದೆ, ಮೈಗೆ ಬಲ ಬರುತ್ತದೆ, ಮೇಸ್ತ್ರಿಯ ಕರೆಯೂ ಬರುತ್ತದೆ. ನಡುವೆ ನಿಲ್ಲಿಸಿದ ಔಷಧ ರೋಗಾಣುವಿಗೆ ಪಾಠ ಕಲಿಸಿದಂತೆ. ಮುಂದಿನ ಬಾರಿ ಅದೇ ಔಷಧಕ್ಕೆ ಅದು ಬಗ್ಗುವುದಿಲ್ಲ. ಒಂದು ಸಮಾಧಾನವೆಂದರೆ, ಕ್ಷಯದ ವಿಷಯದಲ್ಲಿ ದೇಶ ಒಂದು ಹೆಜ್ಜೆ ಮುಂದಿಟ್ಟಿದೆ. ‘ನಿಕ್ಷಯ್’ ಎಂಬ ದಾಖಲೆ ವ್ಯವಸ್ಥೆಯಲ್ಲಿ ಪ್ರತಿ ರೋಗಿಗೂ ಒಂದು ಸಂಖ್ಯೆಯಿದೆ. ಆ ಸಂಖ್ಯೆಯೊಡನೆ ದೇಶದ ಬೇರೆ ಊರಿಗೂ ಚಿಕಿತ್ಸೆಯನ್ನು ವರ್ಗಾಯಿಸಬಹುದು. ಪೌಷ್ಟಿಕ ಆಹಾರಕ್ಕೆಂದು ೨೦೧೮ರಿಂದ ತಿಂಗಳಿಗೆ ೫೦೦ ರೂಪಾಯಿ ಸಲ್ಲುತ್ತಿತ್ತು, ೨೦೨೪ರ ನವೆಂಬರಿನಿಂದ ಅದು ೧,೦೦೦ ರೂಪಾಯಿ ಆಗಿದೆ. ಪಡಿತರ ಚೀಟಿಯೂ ೨೦೧೯ರಿಂದೀಚೆಗೆ ರಾಜ್ಯದ ಗಡಿಯನ್ನು ದಾಟಲು ಕಲಿತಿದೆ. ಅಕ್ಕಿ ದಾಟಿದ ಮೇಲೆ ತಾಯಿ ಕಾರ್ಡು ದಾಟಬಾರದೆ?

ಗಡಿಯ ವಿಚಿತ್ರ

ಕಾನೂನಿನ ಕಥೆ ಹೇಳಿದರೆ ನಗು ಬರುತ್ತದೆ. ಅಂತರರಾಜ್ಯ ವಲಸೆ ಕಾರ್ಮಿಕರಿಗಾಗಿ ೧೯೭೯ರಲ್ಲಿ ಒಂದು ಕಾಯಿದೆ ಬಂದಿತು. ವಸತಿ, ಉಚಿತ ವೈದ್ಯ ಸೌಲಭ್ಯ, ಪ್ರಯಾಣದ ಭತ್ಯೆ, ಎಲ್ಲವನ್ನೂ ಗುತ್ತೇದಾರ ಕೊಡತಕ್ಕದ್ದೆಂದು ಅದು ವಿಧಿಸಿತ್ತು. ಆಳಂದದಿಂದ ಸೊಲ್ಲಾಪುರ ನೂರು ಕಿಲೋಮೀಟರಿನೊಳಗೆ. ಅಲ್ಲಿ, ಅಕ್ಕಲಕೋಟೆಯಲ್ಲಿ, ಕನ್ನಡ ಮಾತನಾಡುವ ಜನ ಹೇರಳ. ಆಸ್ಪತ್ರೆಯ ದಾದಿಗೂ ಕನ್ನಡ ಬಂದೀತು. ಅಲ್ಲಿಗೆ ಗುತ್ತೇದಾರನ ಮೂಲಕ ಹೋದವನು ಕಾನೂನಿನ ಕಣ್ಣಿಗೆ ವಲಸೆಗಾರ. ಬೆಂಗಳೂರು ಸುಮಾರು ಆರುನೂರು ಕಿಲೋಮೀಟರು. ಅಲ್ಲಿಯ ನೀರು, ಹವೆ, ಊಟ, ಮಾತಿನ ರಾಗ ಎಲ್ಲ ಬೇರೆ. ಅಲ್ಲಿಗೆ ಹೋದವನು ಆ ಕಾಯಿದೆಯ ಲೆಕ್ಕದಲ್ಲಿ ವಲಸೆಗಾರನೇ ಅಲ್ಲ, ಏಕೆಂದರೆ ಅವನು ರಾಜ್ಯವನ್ನು ಬಿಟ್ಟಿಲ್ಲ! ಆ ಕಾಯಿದೆಯ ವಿಷಯಗಳನ್ನು ೨೦೨೦ರ ಕಾರ್ಮಿಕ ಸಂಹಿತೆಯೊಂದರಲ್ಲಿ ಸೇರಿಸಲಾಯಿತು. ವಲಸೆಗಾರನೆಂದರೆ ರಾಜ್ಯವನ್ನು ದಾಟಿದವನೆಂಬ ಎಣಿಕೆ ಅಲ್ಲಿಯೂ ಉಳಿದುಕೊಂಡಿದೆ. ಇನ್ನು ಕಟ್ಟಡ ಕಾರ್ಮಿಕರಿಗೆಂದು ೧೯೯೬ರ ಕಾಯಿದೆಯಿಂದ ಹುಟ್ಟಿದ ಕಲ್ಯಾಣ ನಿಧಿಯಿದೆ. ಅದರ ನೆರವು ಬೇಕಾದರೆ ಹಿಂದಿನ ಹನ್ನೆರಡು ತಿಂಗಳಲ್ಲಿ ೯೦ ದಿನ ಕೆಲಸ ಮಾಡಿದ್ದಕ್ಕೆ ರುಜುವಾತು ತೋರಿಸಬೇಕು. ಮೂರು ಊರುಗಳಲ್ಲಿ ನಾಲ್ಕು ಮೇಸ್ತ್ರಿಗಳ ಕೈಕೆಳಗೆ ದುಡಿದವಳಿಗೆ ರುಜುವಾತು ಕೊಡುವ ಮೇಸ್ತ್ರಿ ಯಾರು?

೨೦೨೦ರ ಬೇಸಗೆಯಲ್ಲಿ ಈ ಎಲ್ಲ ಕುಂದುಗಳೂ ಒಟ್ಟಿಗೆ ಬಯಲಾದುವು. ಕೊರೋನಾ ಜಾಡ್ಯದಿಂದ ಭಾರತದಲ್ಲಿ ಸಂಭವಿಸಿದ ಮೊದಲ ಸಾವು ಕಲಬುರಗಿಯ ವೃದ್ಧರೊಬ್ಬರದು, ಆ ವರ್ಷದ ಮಾರ್ಚಿನಲ್ಲಿ. ಮೇ ತಿಂಗಳಲ್ಲಿ ಮುಂಬಯಿ ಪುಣೆಗಳಿಂದ ಗುಳೆಯವರು ಮರಳಿದರು. ಊರಿನ ಶಾಲೆಗಳೇ ಅವರಿಗೆ ಬಿಡಾರವಾದುವು. ಹೊರಗೆ ಅವರು ಪರದೇಶಿಗಳಾಗಿದ್ದರು. ಒಳಗೆ ಬಂದರೆ ಸ್ವಂತ ಊರಿನವರೇ ದೂರ ಸರಿದರು. ಆ ದಿನಗಳಲ್ಲಿ ಮನೆಮನೆಗೆ ಹೋಗಿ ಜ್ವರ ಕೇಳಿದವಳು, ಶಾಲೆಯ ಬಾಗಿಲಲ್ಲಿ ನಿಂತು ಬಸುರಿಯರ ಹೆಸರು ಬರೆದುಕೊಂಡವಳು ಆಶಾ ಕಾರ್ಯಕರ್ತೆ. ೨೦೨೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಶಾ ಕಾರ್ಯಕರ್ತೆಯರಿಗೆ ಪುರಸ್ಕಾರ ಕೊಟ್ಟಿತು. ತಿಂಗಳಿಗೆ ೧೨,೦೦೦ ರೂಪಾಯಿ ನಿಶ್ಚಿತ ಗೌರವಧನ ಬೇಕೆಂದು ಕರ್ನಾಟಕದ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿದ್ದು ೨೦೨೦ರ ಜುಲೈಯಲ್ಲಿ, ಅದೇ ಜಾಡ್ಯದ ನಡುವೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆಶಾಳ ಗಳಿಕೆಯ ಒಂದು ಭಾಗ ಮುಗಿಸಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಅವಳು ಆರು ತಿಂಗಳು ನೋಡಿಕೊಂಡ ಬಸುರಿ ಏಳನೆಯ ತಿಂಗಳು ಗುಳೆ ಹೋದರೆ, ಹೆರಿಗೆಯ ಲೆಕ್ಕ ಅವಳಿಗೆ ತಪ್ಪಿಹೋಗುತ್ತದೆ. ವಲಸೆಯ ನಷ್ಟದಲ್ಲಿ ಉಳಿದವಳಿಗೂ ಪಾಲಿದೆ.

ಮೂರು ಪ್ರಶ್ನೆ

ಊರು ಬಿಟ್ಟ ತಾಯಿಯನ್ನು ನೋಡಿಕೊಳ್ಳುವ ವಿದ್ಯೆ ನಮ್ಮ ಸಮಾಜಕ್ಕೆ ತಿಳಿಯದೇ? ಹಾಗೆನ್ನುವಂತಿಲ್ಲ. ೨೦೧೧ರ ಜನಗಣತಿಯ ಪ್ರಕಾರ ಈ ದೇಶದಲ್ಲಿ ೪೫ ಕೋಟಿ ಜನ ವಲಸೆಗಾರರು. ಓದುಗರು ಗಾಬರಿಯಾಗಬೇಕಾಗಿಲ್ಲ, ಅವರಲ್ಲಿ ಬಹುದೊಡ್ಡ ಭಾಗ ಮದುವೆಯಾಗಿ ಗಂಡನ ಮನೆಗೆ ಹೋದ ಹೆಣ್ಣುಮಕ್ಕಳು. ಈ ಪತ್ರಿಕೆಯನ್ನು ಓದುತ್ತಿರುವ ಗೃಹಿಣಿಯರಲ್ಲಿ ಹೆಚ್ಚಿನವರು ಆ ಗಣತಿಯಲ್ಲಿ ಸೇರಿದವರೇ! ಅಂಥ ಹೆಣ್ಣು ಚೊಚ್ಚಲ ಬಸುರಿಯಾದಾಗ ಏನಾಗುತ್ತದೆ? ಏಳನೆಯ ತಿಂಗಳಿಗೋ ಒಂಬತ್ತನೆಯ ತಿಂಗಳಿಗೋ ತವರಿಗೆ ಹೊರಡುತ್ತಾಳೆ. ಅವಳಿಗಿಂತ ಮೊದಲು ಅವಳ ಸುದ್ದಿ ಹೋಗಿರುತ್ತದೆ. ಕಾರ್ಡು ಅವಳ ಚೀಲದಲ್ಲಿರುತ್ತದೆ. ತವರಿನ ಆಶಾ ಮರುದಿನವೇ ಬಾಗಿಲಿಗೆ ಬರುತ್ತಾಳೆ. ಹೆರಿಗೆ ಅಲ್ಲಿ, ಮೊದಲ ಲಸಿಕೆಗಳು ಅಲ್ಲಿ, ಮಿಕ್ಕವು ಗಂಡನ ಊರಿನಲ್ಲಿ. ಎರಡು ಊರುಗಳ ಪುಸ್ತಕಗಳ ನಡುವೆ ಕಾರ್ಡು ಓಡಾಡುತ್ತದೆ. ಮೆಲೈಸರ ಸಿದ್ಧಾಂತವನ್ನು ಓದದ ಅಜ್ಜಿಯರು ನಡೆಸಿಕೊಂಡು ಬಂದ ಸ್ಥಿತ್ಯಂತರ ಇದು. ಗುಳೆಯ ಹೆಣ್ಣಿಗೆ ಇಲ್ಲದ್ದು ಆ ಕಡೆಯ ಬಾಗಿಲಲ್ಲಿ ಕಾದಿರುವ ಒಬ್ಬಳು.

ಆದ್ದರಿಂದಲೇ, ಹೊಸ ಯಂತ್ರ ಹೊಸ ಕಟ್ಟಡಗಳಿಗೆ ಮೊದಲು, ದಾದಿಯ ಬಾಯಿಂದ ಮೂರು ಪ್ರಶ್ನೆ ಹೊರಡಬೇಕು. ದೀಪಾವಳಿಗೆ ಮುಂಚೆ, ತೊಗರಿಯ ರಾಶಿಗೆ ಮುಂಚೆ, ಅವಳು ತಾಂಡಾದ ಕಟ್ಟೆಯ ಮೇಲೆ ಕುಳಿತು ಕೇಳಬೇಕಾದದ್ದು: “ಯಾವಾಗ ಹೊಂಟೀ ಯವ್ವಾ? ಯಾವ ಊರಿಗಿ? ತಿರುಗಿ ಯಾವಾಗ ಬರ್ತಿ?” ಉತ್ತರ ಸಿಕ್ಕರೆ ಆರು ತಿಂಗಳ ಮಾತ್ರೆಗಳನ್ನು ಒಟ್ಟಿಗೆ ಕೊಡಬಹುದು. ಕಾರ್ಡನ್ನು ಟ್ರಂಕಿನಿಂದ ತೆಗೆಸಿ ಚೀಲಕ್ಕೆ ಹಾಕಿಸಬಹುದು. ಬೇರೆ ರಾಜ್ಯದ ದಾದಿಗೆ ತಿಳಿಯುವಂತೆ ರಕ್ತದ ಗುಂಪು, ಚುಚ್ಚುಮದ್ದಿನ ದಿನಾಂಕಗಳನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಒಂದು ಬದಿಯಲ್ಲಿ ಬರೆದುಕೊಡಬಹುದು. ಮಗುವಿಗೆ ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ದಡಾರ ರುಬೆಲ್ಲಾ ಲಸಿಕೆ ಎಲ್ಲಿ ಬೀಳಬೇಕೆಂಬುದನ್ನು ಮೊದಲೇ ಗೊತ್ತುಮಾಡಬಹುದು. ಲಂಬಾಣಿ ತಾಯಿಗೆ ಕನ್ನಡವೇ ಎರಡನೆಯ ಭಾಷೆ, ಮರಾಠಿ ಮೂರನೆಯದು. ಅವಳ ಗೋರ್‌ಬೋಲಿ ಬಲ್ಲ ಹುಡುಗಿಯರು ಶುಶ್ರೂಷಾ ಶಾಲೆಗಳಿಗೆ ಹೋಗಿ ದಾದಿಯರಾಗಿ ಬಂದರೆ ಮಾತಿನ ತೊಡಕು ಅಷ್ಟರಮಟ್ಟಿಗೆ ಹೋದಂತೆಯೇ. ೨೦೧೪ರ ಡಿಸೆಂಬರಿನಲ್ಲಿ ಪ್ರಾರಂಭವಾದ ‘ಇಂದ್ರಧನುಷ್’ ಲಸಿಕೆ ಕಾರ್ಯಕ್ರಮದಲ್ಲಿ ಇಟ್ಟಿಗೆ ಭಟ್ಟಿಗಳನ್ನೂ ಕಟ್ಟಡದ ಬಿಡಾರಗಳನ್ನೂ ಹುಡುಕಿಕೊಂಡು ಹೋಗಬೇಕೆಂಬ ನಿಯಮ ಬಂದದ್ದು ಈ ದಾರಿಯಲ್ಲಿ ಒಳ್ಳೆಯ ಆರಂಭ. ಎಳ್ಳಮಾವಾಸ್ಯೆಗೆ ದೂರ ಹೋದವರೂ ಆದಷ್ಟು ಮಟ್ಟಿಗೆ ಊರಿಗೆ ಬರುತ್ತಾರೆ, ಹೊಲಕ್ಕೆ ಬುತ್ತಿ ಒಯ್ಯುತ್ತಾರೆ, ಸಜ್ಜೆ ರೊಟ್ಟಿ ಭಜ್ಜಿ ಪಲ್ಯ ಉಣ್ಣುತ್ತಾರೆ. ಆ ವಾರ ಊರಿನ ಉಪಕೇಂದ್ರ ದಿನವಿಡೀ ತೆರೆದಿದ್ದರೆ ಎಷ್ಟು ಕೆಲಸವಾದೀತು!

ಇನ್ನು ಪಟ್ಟಣದ ನಮ್ಮ ಓದುಗರು. ನಿಮ್ಮ ಬೀದಿಯ ಕೊನೆಯಲ್ಲಿ ಏಳುತ್ತಿರುವ ಮನೆಯ ಪಕ್ಕದ ಶೆಡ್ಡಿನಲ್ಲಿ ಇರುವವಳು ಆಳಂದದವಳೋ ಜೇವರ್ಗಿಯವಳೋ ಆಗಿರಬಹುದು. ಹತ್ತಿರದ ನಗರ ಆರೋಗ್ಯ ಕೇಂದ್ರ ಎಲ್ಲಿದೆಯೆಂಬುದು ನಿಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಆ ಬಡಾವಣೆಯ ಆಶಾಳ ಫೋನು ನಿಮ್ಮಲ್ಲಿದೆ, ಅವಳಲ್ಲಿಲ್ಲ. ಕಾರ್ಡು ಊರಲ್ಲೇ ಉಳಿದಿದ್ದರೆ ಅತ್ತೆಗೋ ನಾದಿನಿಗೋ ಫೋನು ಮಾಡಿಸಿ, ಕಾರ್ಡಿನ ಫೋಟೋ ತರಿಸಿಕೊಂಡರೂ ಆದೀತು. ಅದರ ಮೇಲಿನ ಸಂಖ್ಯೆ, ತಾರೀಖುಗಳು ದಾದಿಗೆ ಸಾಕು. ಕರ್ನಾಟಕದ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆಯ ದಿನ ಸಾಮಾನ್ಯವಾಗಿ ಗುರುವಾರ, ಬೆಳಗಿನ ಹೊತ್ತು. ಅರ್ಧ ದಿನದ ರಜೆಗೆ ಮೇಸ್ತ್ರಿ ಕೂಲಿ ಹಿಡಿಯುತ್ತಾನೆಯೇ ಎಂಬುದನ್ನು ಮಾತ್ರ, ಮನೆ ಕಟ್ಟಿಸುತ್ತಿರುವವರು ತಾವೇ ಕೇಳಿ ತಿಳಿದುಕೊಳ್ಳಬೇಕು.